ಠಾಣೆಯಲ್ಲಿ ಇವತ್ತು ಎಷ್ಟು ಜನ ಇದ್ದಾರೆ?



ಇವತ್ತು ಹಳ್ಳಿ ಪೊಲೀಸ್ ಬಗ್ಗೆ ಮಾತಾಡ್ತೀನಿ. ಕೆಲಸ, ಸಂಬಳ, ಮನೆ ಸಾಲ, ಮಕ್ಕಳ ಕನ್ನಡ ಕ್ಲಾಸ್ ಅಂತ ಮಾತಾಡುವ ಈ ಚಾನೆಲ್‌ನಲ್ಲಿ ಪೊಲೀಸ್ ಠಾಣೆ ಎಲ್ಲಿಂದ ಬಂತು ಅಂತ ಅನಿಸಬಹುದು. ಕಾರಣ ಸರಳ. ನಾವು ಪುಣೆ, ಹೈದರಾಬಾದ್, ಚೆನ್ನೈ, ಮುಂಬೈ, ದೆಹಲಿಯಲ್ಲಿ ಇದ್ದೀವಿ. ಅಪ್ಪ-ಅಮ್ಮ ಊರಲ್ಲಿದ್ದಾರೆ. ಅವರ ಜೊತೆಗೆ ಒಂದು ತೋಟ, ಒಂದು ಬೋರ್‌ವೆಲ್, ಪಕ್ಕದಲ್ಲಿ ಬೀಗ ಹಾಕಿದ ಅಜ್ಜನ ಮನೆ. ರಾತ್ರಿ ಹನ್ನೊಂದು ಗಂಟೆಗೆ "ಹಿತ್ತಲಲ್ಲಿ ಯಾರೋ ಓಡಾಡಿದ ಹಾಗಾಯ್ತು ಕಣೋ" ಅಂತ ಫೋನ್ ಬಂದರೆ ನಾವು ಏನು ಮಾಡ್ತೀವಿ? 112ಕ್ಕೆ ಫೋನ್ ಮಾಡಿ ಅಂತೀವಿ. ಆಮೇಲೆ ಅಲ್ಲಿಗೆ ಹೋಗಬೇಕಾದವನು ಒಬ್ಬ ಕಾನ್‌ಸ್ಟೆಬಲ್. ಆ ಹೊತ್ತಿಗೆ ಅವನು ಡ್ಯೂಟಿಗೆ ಬಂದು ಎಷ್ಟು ಗಂಟೆ ಆಗಿರುತ್ತೆ, ಅವನ ಕೈಲಿ ಇನ್ನೂ ಎಷ್ಟು ಊರು ಇರುತ್ತೆ, ಇದರ ಲೆಕ್ಕ ನಮಗೆ ಯಾರೂ ಹೇಳಿಲ್ಲ. ನಾವೂ ಕೇಳಿಲ್ಲ.

ಪೊಲೀಸ್ ಅಂದ ಕೂಡಲೇ ನಮ್ಮ ಗ್ರೂಪ್‌ಗಳಲ್ಲಿ ಎರಡು ಪಕ್ಷ ಆಗುತ್ತೆ. ಒಂದು ಪಕ್ಷ, ಕಂಪ್ಲೇಂಟ್ ತಗೊಳ್ಳಲ್ಲ, ದುಡ್ಡು ಕೇಳ್ತಾರೆ, ಬಡವರು ಹೋದರೆ ಏಕವಚನದಲ್ಲಿ ಮಾತಾಡಿಸ್ತಾರೆ ಅನ್ನುತ್ತೆ. ಇನ್ನೊಂದು ಪಕ್ಷ, ಪಾಪ ಅವರಿಗೆ ರಜೆ ಇಲ್ಲ, ಹಬ್ಬ ಇಲ್ಲ, ಮಕ್ಕಳ ಮುಖ ನೋಡೋಕಾಗಲ್ಲ ಅನ್ನುತ್ತೆ. ನನ್ನ ಪ್ರಕಾರ ಇಬ್ಬರೂ ಹೇಳ್ತಿರೋದು ನಿಜ. ಆದರೆ ಇಬ್ಬರೂ ಜಗಳ ಆಡ್ತಾ ಕೂತಿರೋವಾಗ ಮೂರನೆಯವರು ಆರಾಮಾಗಿ ತಪ್ಪಿಸಿಕೊಳ್ತಾರೆ. ಆ ಮೂರನೆಯವರು ಸರ್ಕಾರ. ಠಾಣೆಗೆ ಎಷ್ಟು ಜನ ಬೇಕು, ಎಷ್ಟು ಜನ ಕೊಟ್ಟಿದ್ದೀವಿ, ಅವರು ಎಷ್ಟು ಗಂಟೆ ದುಡೀತಿದ್ದಾರೆ, ಅವರ ಮೇಲೆ ದೂರು ಬಂದರೆ ಏನಾಯ್ತು, ಈ ನಾಲ್ಕಕ್ಕೂ ಉತ್ತರ ಕೊಡಬೇಕಾದವರು ಅವರೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಇರೋದು ರಾಜ್ಯ ಪಟ್ಟಿಯಲ್ಲಿ. ಅಂದರೆ ಬೊಟ್ಟು ತೋರಿಸಬೇಕಾದ್ದು ದೆಹಲಿಗಲ್ಲ, ವಿಧಾನಸೌಧದ ಕಡೆಗೆ.

ನನ್ನ ಸೋದರಮಾವನ ಮಗ ಒಬ್ಬರು ಹೆಡ್ ಕಾನ್‌ಸ್ಟೆಬಲ್. ನನಗಿಂತ ದೊಡ್ಡವರು, ನಾನು ಭಾವ ಅಂತೀನಿ. ಬಿಎ ಮಾಡಿ ಇಲಾಖೆಗೆ ಸೇರಿದವರು. ಒಂದು ಸಲ ಊರಿಗೆ ಹೋದಾಗ ಅವರನ್ನ ಕೂರಿಸಿಕೊಂಡು ಹಳ್ಳಿ ಠಾಣೆ ಹೇಗೆ ನಡೆಯುತ್ತೆ ಅಂತ ಕೇಳಿದೆ. ನಾವು ಆನ್-ಕಾಲ್ ರೋಸ್ಟರ್ ಹಾಕ್ತೀವಲ್ಲ, ಅದೇ ಥರ ಒಂದು ಕಾಗದದಲ್ಲಿ ಬರೆದೆವು. ಅಂಕಿಗಳು ಯಾವುದೇ ನಿರ್ದಿಷ್ಟ ಠಾಣೆಯದ್ದಲ್ಲ, ಲೆಕ್ಕಕ್ಕೆ ಅಂತ ಇಟ್ಟುಕೊಂಡದ್ದು. ನೋಡಿ.

ಒಂದು ಜಾಗದಲ್ಲಿ ಹಗಲು ರಾತ್ರಿ ಒಬ್ಬ ಮನುಷ್ಯ ಇರಲೇಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಅಂದರೆ 48 ಗಂಟೆ. ಭಾಗಿಸಿದರೆ ಮೂರೂವರೆ ಜನ. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ 4 ಜನ ಅಂತ ಇಟ್ಟುಕೊಳ್ಳಿ. ಠಾಣೆಯಲ್ಲಿ ಇಂಥ ಜಾಗಗಳು ಎಷ್ಟು? ಬಾಗಿಲಲ್ಲಿ ಸೆಂಟ್ರಿ ಒಬ್ಬ. ಒಳಗೆ ಫೋನು, ವೈರ್‌ಲೆಸ್, ಬಂದವರನ್ನ ಮಾತಾಡಿಸೋಕೆ ಒಬ್ಬ. 112ರ ಗಾಡಿಗೆ ಡ್ರೈವರ್ ಒಬ್ಬ, ಜೊತೆಗೆ ಒಬ್ಬ. ಒಟ್ಟು ನಾಲ್ಕು ಜಾಗ, 16 ಜನ.

ಈಗ ಹಾಜರಿರುವ ಸಿಬ್ಬಂದಿ 30 ಅಂತ ಅಂದುಕೊಳ್ಳಿ. 16 ಕಳೆದರೆ 14. ಅದರಲ್ಲಿ ಕೋರ್ಟ್ ಡ್ಯೂಟಿಗೆ ಒಬ್ಬ. ಸಮನ್ಸ್, ವಾರಂಟ್ ಜಾರಿಗೆ ಇಬ್ಬರು. ಗುಪ್ತವಾರ್ತೆಗೆ ಒಬ್ಬ. ಕಂಪ್ಯೂಟರ್ ಮುಂದೆ ಒಬ್ಬ. ರೈಟರ್ ಮತ್ತು ಸಹಾಯಕ, ಇಬ್ಬರು. ಇನ್ಸ್‌ಪೆಕ್ಟರ್ ಜೀಪಿಗೆ ಡ್ರೈವರ್ ಒಬ್ಬ. ಮೇಲಿನ ಕಚೇರಿಗೆ ಅಂತ ಎತ್ತಿಕೊಂಡು ಹೋದವರು ಇಬ್ಬರು. ಸಂಬಳ ಈ ಠಾಣೆಯಲ್ಲಿ, ಕೆಲಸ ಅಲ್ಲಿ. 10 ಜನ ಆಯ್ತು. ಉಳಿದದ್ದು ನಾಲ್ಕು. ಆ ನಾಲ್ಕು ಜನ ಅರವತ್ತು ಎಪ್ಪತ್ತು ಹಳ್ಳಿ ಸುತ್ತಬೇಕು, ಕಳ್ಳತನ ತನಿಖೆ ಮಾಡಬೇಕು, ನೇಣು ಹಾಕಿಕೊಂಡವರ, ಕೆರೆಗೆ ಬಿದ್ದವರ ಪಂಚನಾಮೆ ಮಾಡಿಸಿ ಶವಾಗಾರದ ಮುಂದೆ ಕಾಯಬೇಕು, ಪಾಸ್‌ಪೋರ್ಟ್ ಪರಿಶೀಲನೆಗೆ ಹೋಗಬೇಕು. ನಮ್ಮ ಪಾಸ್‌ಪೋರ್ಟೇ, ಇನ್ಯಾರದ್ದು!

ಇದರ ಮಧ್ಯೆ ಜಾತ್ರೆ. ಗಣಪತಿ. ಚುನಾವಣೆ. ಮಂತ್ರಿಗಳ ಕಾರ್ಯಕ್ರಮ. ಬಂದೋಬಸ್ತ್ ಅಂದರೆ ಮೂರು ದಿನ ಬೇರೆ ತಾಲ್ಲೂಕಿನ ಕಲ್ಯಾಣ ಮಂಟಪದಲ್ಲಿ ನೆಲದ ಮೇಲೆ ಮಲಗಿ ಬರೋದು. ಹಾಗಾದರೆ ಈ ರೋಸ್ಟರ್ ಹೇಗೆ ನಡೀತಿದೆ? ಭಾವ ಒಂದೇ ಮಾತಲ್ಲಿ ಹೇಳಿದರು: "ನೀನು 8 ಗಂಟೆ ಅಂತ ಬರೆದಿದ್ದೀಯಲ್ಲ, ಅಲ್ಲೇ ತಪ್ಪಿರೋದು. ಅದನ್ನ 12 ಮಾಡು, ವಾರದ ರಜೆ ತೆಗಿ, ಲೆಕ್ಕ ಕೂಡುತ್ತೆ."

ಇದು ಬರೀ ಅವರ ಕಥೆ ಅಲ್ಲ. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಒಂದು ಅಧ್ಯಯನ ಮಾಡಿತು. ಠಾಣೆ ಸಿಬ್ಬಂದಿಯಲ್ಲಿ ಶೇ 90ರಷ್ಟು ಜನ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೆಲಸ ಮಾಡ್ತಾರೆ ಅಂತ ಅದರಲ್ಲಿ ಬಂತು. ನಮ್ಮ ಸಿಬ್ಬಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗ್ತಿಲ್ಲ ಅಂತ ಠಾಣಾಧಿಕಾರಿಗಳಲ್ಲೇ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಹೇಳಿದರು. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಸೇರಿ ಹಲವು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ ಅಂತ ಬಂತು. ನೆನಪಿಡಿ, 14 ಸರಾಸರಿ. ರಿಲೀಸ್ ವಾರದಲ್ಲಿ ಮೂರು ದಿನ 14 ಗಂಟೆ ಕೂತರೆ ನಾವು ಲಿಂಕ್ಡ್‌ಇನ್‌ನಲ್ಲಿ ಬರ್ನ್‌ಔಟ್ ಬಗ್ಗೆ ಪೋಸ್ಟ್ ಹಾಕ್ತೀವಿ.

ಇದಕ್ಕೆ ಕಾನೂನಿನ ಬೇರು ಇದೆ. 1857ರ ದಂಗೆ ಆದ ಮೇಲೆ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಅದರ 22ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿ ಇದ್ದಾನೆ ಅಂತಲೇ ಪರಿಗಣಿಸಬೇಕು. ತುರ್ತು ಬಂದರೆ ಬರಬೇಕು ಅನ್ನೋದು ಸರಿ. ಆದರೆ ದಿನಾ ಬೆಳಗಾದರೆ ತುರ್ತು ಅಂತ ಅದನ್ನ ಓದಿಕೊಂಡರೆ ಇನ್ನೊಬ್ಬನನ್ನ ನೇಮಕ ಮಾಡುವ ಖರ್ಚು ಸರ್ಕಾರಕ್ಕೆ ಉಳಿಯುತ್ತೆ. ಇರುವ ನಾಲ್ಕು ಜನರನ್ನ ಎಂಟು ಜನರ ಥರ ದುಡಿಸಬಹುದು. ಖಾಲಿ ಹುದ್ದೆ ತುಂಬದೇ ಇದ್ದರೂ ಯಾರಿಗೂ ಕಾಣಲ್ಲ. 2020ರ ಜನವರಿ 1ರ ಲೆಕ್ಕದಲ್ಲಿ ದೇಶದ ರಾಜ್ಯ ಪೊಲೀಸ್ ಪಡೆಗಳಲ್ಲಿ ಒಟ್ಟು 5.31 ಲಕ್ಷ ಹುದ್ದೆ ಖಾಲಿ ಇತ್ತು. ಅದು ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇದ್ದದ್ದು. ಮಂಜೂರಾತಿಯೇ 8 ಗಂಟೆ ಪಾಳಿಗೆ ಸಾಲಲ್ಲ ಅಂತ ಅದೇ 2014ರ ಅಧ್ಯಯನ ಹೇಳಿತ್ತು.

ಇನ್ನು ಕೌಂಟರಿನ ಈಚೆ ಬನ್ನಿ, ದೂರು ಕೊಡುವವರ ಕಡೆ.

ನಮ್ಮ ತೋಟದ ಬೋರ್‌ವೆಲ್ ಕೇಬಲ್ ಕಳುವಾಯ್ತು. ತಾಮ್ರಕ್ಕೆ ಬೆಲೆ ಇದೆಯಲ್ಲ, ಕತ್ತರಿಸಿಕೊಂಡು ಹೋಗಿದ್ದರು. ಅಪ್ಪನಿಗೆ 68 ವರ್ಷ. ಬಸ್ಸಲ್ಲಿ ಠಾಣೆಗೆ ಹೋದರು. ಎಲ್ಲರೂ ಜಾತ್ರೆ ಬಂದೋಬಸ್ತ್‌ಗೆ ಹೋಗಿದ್ದಾರೆ ಯಜಮಾನ್ರೇ, ಸೋಮವಾರ ಬನ್ನಿ ಅಂದರಂತೆ. ಸೋಮವಾರ ಹೋದರೆ ಅರ್ಜಿ ಬರೆಸಿಕೊಂಡು ಕಳಿಸಿದರು, ಎಫ್‌ಐಆರ್ ಆಗಲಿಲ್ಲ. ಮೂರನೇ ಸಲ ನಾನು ಪುಣೆಯಿಂದ ಫೋನ್ ಮಾಡಿ, ಲಲಿತಾ ಕುಮಾರಿ ತೀರ್ಪು ಅಂತ ಹೆಸರು ಎತ್ತಿದ ಮೇಲೆ ಎಫ್‌ಐಆರ್ ಪ್ರತಿ ಕೈಗೆ ಬಂತು. 2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟ ತೀರ್ಪು ಅದು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ. ಅಪ್ಪನಿಗೆ ಪುಣೆಯಲ್ಲೊಬ್ಬ ಇಂಟರ್ನೆಟ್ ಇರುವ ಮಗ ಇದ್ದ. ಪಕ್ಕದ ತೋಟದವರ ಕೇಬಲ್ಲೂ ಅದೇ ರಾತ್ರಿ ಹೋಗಿತ್ತು, ಅವರು ಒಂದೇ ಸಲ ಹೋಗಿ ಬಂದು ಸುಮ್ಮನಾದರು. ಅವರ ಕಳ್ಳತನ ಯಾವ ಅಂಕಿ ಅಂಶದಲ್ಲೂ ಇಲ್ಲ.

ಇಲ್ಲಿ ಸಿಬ್ಬಂದಿ ಕೊರತೆ ಎಷ್ಟು, ಉದಾಸೀನ ಎಷ್ಟು? ಬೇರ್ಪಡಿಸಿ ಹೇಳೋಕೆ ಆಗಲ್ಲ, ಮತ್ತು ಅದೇ ಸಮಸ್ಯೆ. ಒಂದು ಎಫ್‌ಐಆರ್ ಹಾಕಿದರೆ ತನಿಖೆ, ಸ್ಥಳ ಮಹಜರು, ಅಂತಿಮ ವರದಿ, ಕೋರ್ಟು ಅಂತ ಒಬ್ಬ ಮನುಷ್ಯನ ಎಷ್ಟೋ ದಿನ ಹೋಗುತ್ತೆ. ಜನ ಇಲ್ಲದ ಠಾಣೆಗೆ ಎಫ್‌ಐಆರ್ ಹಾಕದೇ ಇರೋದೇ ಅನುಕೂಲ. ದಾಖಲಾಗದಿದ್ದರೆ ಆ ಠಾಣೆ ವ್ಯಾಪ್ತಿಯಲ್ಲಿ ಅಪರಾಧ ಕಡಿಮೆ ಅಂತ ಮೇಲೆ ವರದಿ ಹೋಗುತ್ತೆ. ಅಪರಾಧ ಕಡಿಮೆ ಇದ್ದ ಮೇಲೆ ಹೆಚ್ಚು ಜನ ಯಾಕೆ ಕೊಡಬೇಕು? ಟಿಕೆಟ್ ತೆಗೆಯೋಕೆ ಬಿಡದೆ, ನಮ್ಮಲ್ಲಿ ಬಗ್ ಇಲ್ಲ ಅಂತ ಡ್ಯಾಶ್‌ಬೋರ್ಡ್ ತೋರಿಸೋ ಟೀಮ್ ನೀವು ನೋಡಿರ್ತೀರಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ದೂರುದಾರರಿಗೆ ಒಳ್ಳೆಯದನ್ನ ಕೊಟ್ಟಿದೆ. 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು, ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಶೋಧನೆ, ಜಪ್ತಿ ಮಾಡುವಾಗ ವಿಡಿಯೊ ಮಾಡಬೇಕು. 7 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದೆಲ್ಲ ಬೇಕಾದದ್ದೇ, ನನಗೆ ತಕರಾರಿಲ್ಲ. ಆದರೆ ಒಂದೊಂದು ನಿಯಮಕ್ಕೂ ಇಷ್ಟು ಗಂಟೆ ಕೆಲಸ ಅಂತ ಇದೆ. ಆ ಗಂಟೆ ನನ್ನ ಕಾಗದದಲ್ಲಿ ಉಳಿದ ಆ ನಾಲ್ಕು ಜನರ ಮೇಲೇ ಬೀಳುತ್ತೆ. ರಿಕ್ವೈರ್‌ಮೆಂಟ್ ಹೆಚ್ಚಿಸಿ, ಹೆಡ್‌ಕೌಂಟ್ ಹಾಗೇ ಬಿಟ್ಟು, ಡೆಡ್‌ಲೈನ್ ಕೊಡುವ ಮ್ಯಾನೇಜರ್ ಯಾರು ಅಂತ ನಮಗೆ ಚೆನ್ನಾಗಿ ಗೊತ್ತು.

ಒಂದು ಎಚ್ಚರಿಕೆ. ಸುಸ್ತು ಅನ್ನೋದು ಎಲ್ಲಕ್ಕೂ ಸಬೂಬು ಆಗಬಾರದು. 2021ರ ಮೇನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನನ್ನು ಹಿಂಸಿಸಿ, ನೀರು ಕೇಳಿದಾಗ ಮೂತ್ರ ನೆಕ್ಕಿಸಿದರು ಅನ್ನುವ ಆರೋಪ ಬಂತು. ಪಿಎಸ್‌ಐ ಅಮಾನತಾದರು, ಸಿಐಡಿ ತನಿಖೆ ಆಯ್ತು, ಬಂಧನವೂ ಆಯ್ತು. ಅಂಥ ಕೃತ್ಯಕ್ಕೂ ಡ್ಯೂಟಿ ಗಂಟೆಗೂ ಯಾವ ಸಂಬಂಧವೂ ಇಲ್ಲ, ಅದು ಜಾತಿ ಮತ್ತು ಅಧಿಕಾರದ ವಿಷಯ. ಸಂಬಳ ಹೆಚ್ಚಿಸಿದರೆ ಲಾಕಪ್ ತಾನಾಗಿ ಸ್ವಚ್ಛ ಆಗಲ್ಲ. ಅದಕ್ಕೇ ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಹಾಕಿ, 18 ತಿಂಗಳ ದೃಶ್ಯ ಇಡಿ ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದ್ದು. ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದು ಇದೆ. ಪೊಲೀಸರ ಮೇಲೆ ದೂರು ಕೊಡೋಕೆ ಪೊಲೀಸ್ ಠಾಣೆಗೇ ಹೋಗಬೇಕಾಗಿ ಬರಬಾರದು ಅಂತ ಮಾಡಿದ್ದು. ಕರ್ನಾಟಕದಲ್ಲಿ 2012ರ ತಿದ್ದುಪಡಿಯಿಂದ ಕಾಯ್ದೆಯಲ್ಲೇ ಬಂದಿದೆ. ಇದನ್ನ ನೋಡ್ತಿರೋರಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೀರಿ? ನಿಮ್ಮ ಊರಿನ ಠಾಣೆಯ ಗೋಡೆ ಮೇಲೆ ಅದರ ವಿಳಾಸ ಇದೆಯಾ? ಮುಂದಿನ ಸಲ ಹೋದಾಗ ನೋಡಿ.

ಈಗ 2016ಕ್ಕೆ ಬರ್ತೀನಿ. ಜೂನ್ 4, ಶನಿವಾರ. ರಾಜ್ಯದ ಕಾನ್‌ಸ್ಟೆಬಲ್‌ಗಳು ಸಾಮೂಹಿಕ ರಜೆ ಹಾಕ್ತಾರೆ ಅಂತ ಸುದ್ದಿ. ಸಂಬಳ, ವಾರದ ರಜೆ, ಕೆಲಸದ ಅವಧಿ, ಮೇಲಧಿಕಾರಿಗಳ ಕಿರುಕುಳ, ಇವೇ ಬೇಡಿಕೆ. ಸರ್ಕಾರ ಎಸ್ಮಾ ಜಾರಿ ಮಾಡಿತು. ಮುಂದಾಳತ್ವ ವಹಿಸಿದವರ ಬಂಧನ ಆಯ್ತು, ಅವರ ಮೇಲೆ ರಾಜದ್ರೋಹದ ಪ್ರಕರಣ. ಆ ದಿನ ಬಹುತೇಕ ಎಲ್ಲರೂ ಡ್ಯೂಟಿಗೆ ಬಂದರು, ಪ್ರತಿಭಟನೆ ಅಲ್ಲಿಗೆ ಮುಗೀತು. ಶಸ್ತ್ರಾಸ್ತ್ರ ಇರುವ ಪಡೆ ಮುಷ್ಕರಕ್ಕೆ ಇಳಿಯಬಾರದು ಅನ್ನೋದು ನನಗೆ ಒಪ್ಪಿಗೆ. 1973ರಲ್ಲಿ ಉತ್ತರ ಪ್ರದೇಶದ ಪಿಎಸಿ ದಂಗೆ ಎದ್ದಾಗ ಸೇನೆ ಕರೆಸಬೇಕಾಯ್ತು, ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ಕೊಡಬೇಕಾಯ್ತು. 1966ರ ಕಾಯ್ದೆಯೊಂದು ಪೊಲೀಸರು ಅನುಮತಿ ಇಲ್ಲದೆ ಸಂಘ ಕಟ್ಟೋದನ್ನ ತಡೆಯುತ್ತೆ. ಸರಿ, ಮುಷ್ಕರ ಬೇಡ. ಹಾಗಾದರೆ ಹೇಳಿಕೊಳ್ಳೋದು ಎಲ್ಲಿ? ಐಪಿಎಸ್ ಅಧಿಕಾರಿಗಳಿಗೆ ಸಂಘ ಇದೆ. ಕೇರಳದಲ್ಲಿ ಕಾನ್‌ಸ್ಟೆಬಲ್‌ಗಳಿಗೂ ಮಾನ್ಯತೆ ಪಡೆದ ಸಂಘ ಇದೆ, ಅಲ್ಲಿ ಆಕಾಶ ಕಳಚಿ ಬಿದ್ದಿಲ್ಲ. ಬಾಯಿ ಮುಚ್ಚಿಸಿದ ಸರ್ಕಾರಕ್ಕೆ ಕಿವಿ ತೆರೆಯುವ ಜವಾಬ್ದಾರಿ ಎರಡು ಪಟ್ಟು ಇರಬೇಕಿತ್ತು.

ಒಂದು ಒಳ್ಳೆಯದು ಆಯ್ತು. ರಾಘವೇಂದ್ರ ಔರಾದ್ಕರ್ ನೇತೃತ್ವದಲ್ಲಿ ಸಮಿತಿ ಮಾಡಿದರು. ಸಮಿತಿ ವೇತನ ಹೆಚ್ಚಿಸಿ ಅಂತ 2016ರಲ್ಲೇ ವರದಿ ಕೊಟ್ಟಿತು. ಪರಿಷ್ಕರಣೆ ಜಾರಿಯಾದದ್ದು 2019ರ ಆಗಸ್ಟ್‌ನಿಂದ. ಅಷ್ಟರಲ್ಲಿ ಮೂರು ಮುಖ್ಯಮಂತ್ರಿಗಳು ಬಂದಾಗಿತ್ತು. ಕಾನ್‌ಸ್ಟೆಬಲ್ ಸಂಬಳ ಏರಿತು. ಗಂಟೆ ಇಳಿಯಲಿಲ್ಲ. ಟೋಪಿಯ ಕಥೆಯೂ ಹೀಗೇ: ಆ ದೊಡ್ಡ ಸ್ಲೋಚ್ ಹ್ಯಾಟ್ ಓಡುವಾಗ ಬೀಳುತ್ತೆ, ಬಿಸಿಲಲ್ಲಿ ತಲೆ ಬೇಯುತ್ತೆ ಅಂತ ಎಷ್ಟೋ ವರ್ಷದಿಂದ ಹೇಳ್ತಿದ್ದರು, ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಭಾವನಿಗೆ ಖುಷಿಯೇ ಆಯ್ತು, ಇಲ್ಲ ಅನ್ನಲ್ಲ. ಟೋಪಿಯಾದರೆ ಹಂಚಿ ಫೋಟೊ ತೆಗೆಸಿಕೊಳ್ಳಬಹುದು. ವಾರದ ರಜೆಯನ್ನ ಹಾಗೆ ಹಂಚೋಕಾಗಲ್ಲ. ಅದಕ್ಕೆ ಜನ ಬೇಕು.

ಜನ ಎಲ್ಲಿಂದ ಬರಬೇಕು? ನೇಮಕಾತಿಯಿಂದ. 545 ಪಿಎಸ್‌ಐ ಹುದ್ದೆಗಳ ಕಥೆ ನಿಮಗೆ ನೆನಪಿರಬೇಕು. 2021ರಲ್ಲಿ ಅಧಿಸೂಚನೆ, ಅಕ್ಟೋಬರ್‌ನಲ್ಲಿ ಪರೀಕ್ಷೆ. ಆಮೇಲೆ ಕಲಬುರಗಿಯಿಂದ ಶುರುವಾಗಿ ಅಕ್ರಮ ಬಯಲಿಗೆ ಬಂತು, ಉತ್ತರ ಪತ್ರಿಕೆ ತಿದ್ದಿದ ಆರೋಪ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಾವು ಇದನ್ನ ಭ್ರಷ್ಟಾಚಾರದ ಸುದ್ದಿಯಾಗಿ, ಓದಿದ ಹುಡುಗರಿಗೆ ಆದ ಅನ್ಯಾಯವಾಗಿ ನೋಡಿದ್ವಿ. ಸರಿಯೇ. ಆದರೆ ಆ ವರ್ಷಗಳಲ್ಲಿ ಆ 545 ಕುರ್ಚಿ ಖಾಲಿ ಇತ್ತು. ಆ ಖಾಲಿ ಕುರ್ಚಿಯ ಫೈಲು ಎಎಸ್‌ಐ ಮೇಜಿಗೆ ಹೋಯ್ತು, ಎಎಸ್‌ಐ ಕೆಲಸ ಹೆಡ್ ಕಾನ್‌ಸ್ಟೆಬಲ್‌ಗೆ ಹೋಯ್ತು. ಬೆಂಗಳೂರಿನಲ್ಲಾದ ಅಕ್ರಮದ ಬಿಲ್ಲನ್ನ ಹೋಬಳಿ ಠಾಣೆ ಕಟ್ಟಿತು.

ಇದ್ದವರಾದರೂ ಒಂದು ಕಡೆ ನಿಲ್ತಾರಾ? ಕೂಡ್ಲಿಗಿಯಲ್ಲಿ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ಅವರ ವರ್ಗಾವಣೆ 2016ರ ಜನವರಿಯಲ್ಲಿ ಆದಾಗ, ಸಚಿವರೊಬ್ಬರ ಫೋನ್ ಕರೆಯನ್ನ ಹೋಲ್ಡ್‌ನಲ್ಲಿ ಇಟ್ಟದ್ದೇ ಕಾರಣ ಅಂತ ದೊಡ್ಡ ಸುದ್ದಿಯಾಯ್ತು. ಗಲಾಟೆಯಾದ ಮೇಲೆ ವರ್ಗಾವಣೆ ರದ್ದಾಯ್ತು. ಆ ಜೂನ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟರು. ಅಂಥವರ ಹೆಸರು ಪೇಪರಿಗೆ ಬರುತ್ತೆ. ಪೇಪರಿಗೆ ಬಾರದ ಸಬ್ ಇನ್ಸ್‌ಪೆಕ್ಟರ್‌ಗಳು ಎಷ್ಟೋ. ಯಾರ ಲೆಟರ್ ಹೆಡ್‌ನಿಂದ ಬಂದೆನೋ ಅವರಿಗೆ ಉತ್ತರಿಸೋದು ಮನುಷ್ಯ ಸಹಜ. ನಮ್ಮಪ್ಪನಿಗೆ ಯಾಕೆ ಉತ್ತರಿಸಬೇಕು? ಇದನ್ನ ತಡೆಯೋಕೆ ಅಂತಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನ ಕೊಟ್ಟಿದ್ದು. ಠಾಣಾಧಿಕಾರಿಗೆ ಕನಿಷ್ಠ 2 ವರ್ಷದ ಅವಧಿ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ, ತನಿಖೆ ಮತ್ತು ಕಾನೂನು ಸುವ್ಯವಸ್ಥೆ ಬೇರೆ ಬೇರೆ, ದೂರು ಪ್ರಾಧಿಕಾರ, ಇವೆಲ್ಲ ಅದರಲ್ಲಿದ್ದವು. ಪ್ರಕಾಶ್ ಸಿಂಗ್ ಸ್ವತಃ ನಿವೃತ್ತ ಡಿಜಿಪಿ, ಅರ್ಜಿ ಹಾಕಿದ್ದು 1996ರಲ್ಲಿ. ರಾಜ್ಯಗಳು ಕಾಯ್ದೆಯನ್ನೇನೋ ತಿದ್ದಿದವು. ವರ್ಗಾವಣೆ ಪಟ್ಟಿಗೆ ಶಾಸಕರ ಶಿಫಾರಸು ಪತ್ರ ಬರೋದು ನಿಂತಿದೆಯಾ ಅಂತ ನಿಮ್ಮ ಊರಲ್ಲೇ ಯಾರನ್ನಾದರೂ ಕೇಳಿ ನೋಡಿ.

ಈ ವಿಷಯ ಓದ್ತಾ ನನಗೆ ಆಶ್ಚರ್ಯ ಆದದ್ದು ಬೇರೆ. 1977ರಲ್ಲಿ ಜನತಾ ಸರ್ಕಾರ ರಾಷ್ಟ್ರೀಯ ಪೊಲೀಸ್ ಆಯೋಗ ಮಾಡಿತು. ಅಧ್ಯಕ್ಷರು ಧರ್ಮವೀರ, ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1979ರಲ್ಲಿ ಬಂದ ಮೊದಲ ವರದಿಯಲ್ಲಿ ಏನಿತ್ತು ಗೊತ್ತಾ? ಕಾನ್‌ಸ್ಟೆಬಲ್‌ಗಳ ಸಂಬಳ, ವಸತಿ, ಆರ್ಡರ್ಲಿ ಪದ್ಧತಿ, ಅವರ ಅಹವಾಲು ಕೇಳುವ ವ್ಯವಸ್ಥೆ, ಅದರ ಜೊತೆಗೇ ಪೊಲೀಸರ ವಿರುದ್ಧದ ದೂರುಗಳ ವಿಚಾರಣೆ ಹೇಗೆ ನಡೆಯಬೇಕು ಅನ್ನೋದು. ಎರಡೂ ಒಂದೇ ವರದಿಯಲ್ಲಿ. ಆಮೇಲೆ ಬಂದ ಸರ್ಕಾರಗಳು ಅದನ್ನ ಎರಡಾಗಿ ಕತ್ತರಿಸಿ, ಒಂದನ್ನ ಬಜೆಟ್ ಭಾಷಣಕ್ಕೆ ಇಟ್ಟುಕೊಂಡವು, ಇನ್ನೊಂದನ್ನ ಕೋರ್ಟಿಗೆ ಬಿಟ್ಟವು.

ನಾವಿರುವ ಊರುಗಳಲ್ಲಿ ಏನಾಗಿದೆ ಅಂತಲೂ ನೋಡಿ. ಮುಂಬೈಯವರಿಗೆ ಗೊತ್ತಿರಬಹುದು, 2016ರಲ್ಲಿ ದೇವನಾರ್ ಠಾಣೆಯಲ್ಲಿ 8 ಗಂಟೆ ಪಾಳಿ ಶುರು ಮಾಡಿದರು. ಆ ವೇಳಾಪಟ್ಟಿ ಮಾಡಿಕೊಟ್ಟದ್ದು ಒಬ್ಬ ಕಾನ್‌ಸ್ಟೆಬಲ್. ಆಗಿನ ಕಮಿಷನರ್ ದತ್ತಾ ಪಡ್ಸಲಗೀಕರ್ ಅದನ್ನ ಕೇಳಿಸಿಕೊಂಡು ಪ್ರಯೋಗಕ್ಕೆ ಒಪ್ಪಿದರು, ಆಮೇಲೆ ಬೇರೆ ಠಾಣೆಗಳಿಗೂ ವಿಸ್ತರಿಸಿದರು. ಜನ ಸಾಲಲ್ಲ ಅಂತ ಎಲ್ಲರೂ ಹೇಳ್ತಿದ್ದ ಕಾಲದಲ್ಲಿ ಆ ಮನುಷ್ಯ ಕಾಗದ ಪೆನ್ನು ಹಿಡಿದು ಶೆಡ್ಯೂಲಿಂಗ್ ಸಮಸ್ಯೆ ಬಿಡಿಸಿದ್ದ. ಎಂಟೆಕ್ ಮಾಡಿದ ನನಗೆ ಅಸೂಯೆ ಆಗುತ್ತೆ. ಆಂಧ್ರ ಪ್ರದೇಶದಲ್ಲಿ 2019ರಲ್ಲಿ ವಾರದ ರಜೆ ಘೋಷಿಸಿದರು, ತಮಿಳುನಾಡಿನಲ್ಲಿ 2021ರಲ್ಲಿ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆರ್ಡರ್ಲಿ ಪದ್ಧತಿ ಮೇಲೆ ಕಟುವಾಗಿ ಮಾತಾಡಿತು. ಅಧಿಕಾರಿಯ ಮನೆಯಲ್ಲಿ ತರಕಾರಿ ತರುವ, ನಾಯಿ ನೋಡಿಕೊಳ್ಳುವ ಪೊಲೀಸ್ ಕೂಡ ಯಾವುದೋ ಠಾಣೆಯ ಲೆಕ್ಕದಲ್ಲಿ ಒಬ್ಬ ಕಡಿಮೆ. ಆದೇಶ ಹೊರಡಿಸಿದ ಮೇಲೆ ಎಷ್ಟು ಪಾಲನೆ ಆಯ್ತು ಅನ್ನೋದು ಎಲ್ಲಾ ಕಡೆ ಇರುವ ತಕರಾರು. ಠಾಣೆವಾರು ಲೆಕ್ಕ ಹೊರಗೆ ಬರದಿದ್ದರೆ ಆದೇಶ ಪತ್ರಿಕಾ ಪ್ರಕಟಣೆಯಾಗಿಯೇ ಉಳಿಯುತ್ತೆ.

ಕರ್ನಾಟಕದ ಹಳ್ಳಿಗಳಿಗೆ ಇನ್ನೊಂದು ವಿಶೇಷ ಇದೆ. ಮೊದಲು ಪಟೇಲರು, ತಳವಾರರು, ತೋಟಿಗಳು ಇದ್ದರು. ಊರಿಗೆ ಯಾರು ಬಂದರು, ಯಾರು ಹೋದರು ಅಂತ ಅವರಿಗೆ ಗೊತ್ತಿರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನ 1961ರ ಕಾಯ್ದೆ ರದ್ದು ಮಾಡಿತು, 1963ರಲ್ಲಿ ಜಾರಿಗೆ ಬಂತು. ಮಾಡಬೇಕಾದ್ದೇ. ಪಟೇಲರ ಚಾವಡಿಯಲ್ಲಿ ಯಾರಿಗೆ ನ್ಯಾಯ ಸಿಗ್ತಿತ್ತು, ಯಾರು ಹೊರಗೆ ನಿಲ್ಲಬೇಕಿತ್ತು ಅಂತ ನಮ್ಮಜ್ಜಿಯೇ ಹೇಳೋರು. ಆದರೆ ಆ ಜಾಗಕ್ಕೆ ಬಂದದ್ದು 20 ಕಿಲೋಮೀಟರ್ ದೂರದ ಠಾಣೆ. ಅದನ್ನ ತುಂಬೋಕೆ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ತಂದರು, ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಇಂತಿಷ್ಟು ಊರು ಅಂತ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. ಎರಡೂ ಒಳ್ಳೆಯ ಯೋಚನೆ ಅಂತಲೇ ನಾನು ಹೇಳೋದು. ಬೀಟ್ ಪೊಲೀಸ್ ನಂಬರ್ ಅಪ್ಪನ ಫೋನಲ್ಲೂ ಇದೆ. ಆದರೆ ಆ ನಂಬರಿನ ಮನುಷ್ಯ ಬಂದೋಬಸ್ತ್‌ನಲ್ಲಿದ್ದರೆ ಮನೆ ಮನೆಗೆ ಹೋಗೋದು ಯಾರು?

ಹಾಗಾದರೆ ಏನು ಕೇಳಬೇಕು? ಹೊಸ ಆ್ಯಪ್ ಬೇಡ, ದಯವಿಟ್ಟು. ಯಾರು ಎಷ್ಟಕ್ಕೆ ಡ್ಯೂಟಿಗೆ ಬಂದರು, ಎಲ್ಲಿಗೆ ಹೋದರು ಅನ್ನೋದು ಠಾಣಾ ದಿನಚರಿಯಲ್ಲಿ ಈಗಲೇ ದಾಖಲಾಗುತ್ತೆ. ಕೂಡಿಸಿ ಪ್ರಕಟಿಸಬೇಕು, ಅಷ್ಟೇ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಸರ್ಕಾರ ಕೇಳದೇ ಕೊಡಬೇಕಾದ ಮಾಹಿತಿಯ ದೊಡ್ಡ ಪಟ್ಟಿಯೇ ಇದೆ. ಅಲ್ಲಿಯವರೆಗೆ ನಾವು ಕೇಳಬಹುದು. ಭಾರತದ ಪ್ರಜೆಯಾದರೆ ಸಾಕು, ಪುಣೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಆದ್ದರಿಂದ ಕಥೆ ಬರೀಬೇಡಿ. ಜಿಲ್ಲಾ ಪೊಲೀಸ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. ನಿಮ್ಮ ಊರಿನ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಬೇರೆ ಕಚೇರಿಗೆ ನಿಯೋಜನೆ ಆದವರು ಎಷ್ಟು ಅಂತ ಒಂದು ಅರ್ಜಿ. ಹಿಂದಿನ ಆರು ತಿಂಗಳಲ್ಲಿ ಸಿಬ್ಬಂದಿಗೆ ಕೊಟ್ಟ ವಾರದ ರಜೆಗಳ ಒಟ್ಟು ಸಂಖ್ಯೆಗೆ ಇನ್ನೊಂದು. ಐದು ವರ್ಷದಲ್ಲಿ ಆ ಠಾಣೆಗೆ ಬಂದ ಠಾಣಾಧಿಕಾರಿಗಳು ಎಷ್ಟು, ಒಬ್ಬೊಬ್ಬರು ಎಷ್ಟು ದಿನ ಇದ್ದರು ಅಂತ ಮೂರನೆಯದು. ಸ್ವೀಕರಿಸಿದ ಅರ್ಜಿ ಎಷ್ಟು, ಅದರಲ್ಲಿ ಎಫ್‌ಐಆರ್ ಆದದ್ದು ಎಷ್ಟು ಅಂತ ನಾಲ್ಕನೆಯದು. ಯಾರ ಹೆಸರನ್ನೂ ಕೇಳಬೇಡಿ, ಸಂಖ್ಯೆ ಮಾತ್ರ ಕೇಳಿ. ಹೆಸರು ಕೇಳಿದರೆ ತಿರಸ್ಕರಿಸೋಕೆ ನೆಪ ಸಿಗುತ್ತೆ, ಪಾಪದ ಕಾನ್‌ಸ್ಟೆಬಲ್‌ಗೂ ತೊಂದರೆ. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಉತ್ತರ ಬಂದ ಮೇಲೆ ಅದನ್ನ ನಿಮ್ಮ ಶಾಸಕರಿಗೆ ಕಳಿಸಿ, ಅಧಿವೇಶನದಲ್ಲಿ ಇದೇ ಠಾಣೆಯ ಹೆಸರು ಹಾಕಿ ಪ್ರಶ್ನೆ ಕೇಳಿ ಅಂತ ಹೇಳಿ. ಸದನದಲ್ಲಿ ರಾಜ್ಯದ ಒಟ್ಟು ಲೆಕ್ಕ ಓದಿ ಕೂತುಬಿಡೋದು ಗೃಹ ಸಚಿವರಿಗೆ ಸುಲಭ. ಒಂದೇ ಠಾಣೆಯ ಲೆಕ್ಕ ಕೊಡೋದು ಕಷ್ಟ. ಯಾಕಂದರೆ ಆ ಊರಿನ ಜನಕ್ಕೆ ನಿಜ ಗೊತ್ತಿರುತ್ತೆ. ಊರಿಗೆ ಹೋದಾಗ ವೋಟ್ ಕೇಳೋಕೆ ಬಂದವರ ಹತ್ತಿರ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಬಹುದು: ನಮ್ಮ ಠಾಣೆಯಲ್ಲಿ ಇವತ್ತು ಎಷ್ಟು ಜನ ಇದ್ದಾರೆ?

ನಾಲ್ಕು ಅರ್ಜಿಗಳ ಮಾದರಿಯನ್ನ ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದೀನಿ, ಪ್ರತಿಯೊಂದೂ 150 ಪದದ ಒಳಗೇ ಇದೆ. ನಿಮ್ಮ ಠಾಣೆಯ ಹೆಸರು ಹಾಕಿಕೊಂಡರೆ ಸಾಕು. ಈಗ ಪ್ರಶ್ನೆಗಳಿದ್ದರೆ ಕೇಳಿ. ಹಿಂದುಗಡೆ ಕೂತಿರೋರು ಕೈ ಎತ್ತಿದ್ದೀರಿ, ಹೇಳಿ ಸರ್.